ಅತ್ತೆಯ ಬಲಗೈಯೂ ಆಮೆಮರಿಗಳೂ

ಎದುರಿಗೆ ಇಡೀ ಬಂಗಾಳ ಕೊಲ್ಲಿ ಬಿದ್ದುಕೊಂಡಿರುವಾಗ, ಅದರ ದಂಡೆಯ ಮೇಲೆ ನಿಂತು, ಎಡಗೈಯನ್ನು ಸೊಂಟಕ್ಕೆ ಕೊಟ್ಟು, "ಕಾಲು ತೊಳ್ಕೊಂಡು ಬನ್ರೋ!" ಎಂದು ಜನರನ್ನು ಗದರಿಸಿದ ಹೆಂಗಸು ಈ ಪ್ರಪಂಚದಲ್ಲಿ ಒಬ್ಬರೇ ಇರಬೇಕು. ಅವರು ನಮ್ಮ ಸೋದರತ್ತೆ. ನಂಬುವುದಿಲ್ಲವೇ? ನಾನು ಪಕ್ಕದಲ್ಲೇ ಇದ್ದೆ. ಅಷ್ಟೇಕೆ, ಆ ದಿನ ಮೊದಲು ತೊಳೆಸಿಕೊಂಡ ಕಾಲು ನನ್ನದೇ!

ಎಡಗೈಯೇ ಯಾಕೆ ಅಂತೀರಾ? ಅಲ್ಲೇ ಇರುವುದು ಕಥೆ. ಅದಕ್ಕೆ ಮೊದಲು ಸುಗಟೂರಿಗೆ ಹೋಗಬೇಕು.

ಸುಗಟೂರಿನಲ್ಲಿ ಅತ್ತೆಯ ಮನೆ ಎಂದರೆ ಮನುಷ್ಯರಿಗೆ ಎರಡು ಕೋಣೆ, ಹುಳುಗಳಿಗೆ ಉದ್ದನೆಯ ಒಂದು ಹಾಲ್. ರೇಷ್ಮೆ ಹುಳು! ನನ್ನ ತಾಯಿ ಬೇಗ ತೀರಿಕೊಂಡದ್ದರಿಂದ ಕೋಲಾರದ ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆಲ್ಲ ನಾನು ಹೋಗುತ್ತಿದ್ದದ್ದು ಅಲ್ಲಿಗೇ. ಅತ್ತೆ ನನ್ನನ್ನು ತಬ್ಬಿಕೊಳ್ಳುವುದಕ್ಕೆ ಮೊದಲು ಮೂಸಿ ನೋಡುತ್ತಿದ್ದರು. ಅದು ಪ್ರೀತಿಯಲ್ಲ, ಇನ್ಸ್‌ಪೆಕ್ಷನ್! ಪೌಡರ್ ವಾಸನೆ ಬಂದರೆ ಹುಳು ಮೇವು ಬಿಡುತ್ತವೆ, ಸೋಪಿನ ವಾಸನೆ ಬಂದರೆ ಹುಳು ಮುನಿಸಿಕೊಳ್ಳುತ್ತವೆ, ಬೀಡಿ ಹೊಗೆ ಬಂದರಂತೂ ಮುಗಿದೇ ಹೋಯಿತು. ಕಾನ್ವೆಂಟಿನ ಹುಡುಗಿಯ ಮೈಯಲ್ಲಿ ಪೌಡರ್, ಸೋಪು ಬಿಟ್ಟು ಇನ್ನೇನಿರುತ್ತದೆ ಹೇಳಿ? ಹೀಗಾಗಿ ಹುಳುಮನೆಯ ಹೊಸಲು ದಾಟಿ ಒಳಗೆ ನಾನು ಒಂದು ದಿನವೂ ಕಾಲಿಡಲಿಲ್ಲ. ನಮ್ಮ ಕಾನ್ವೆಂಟಿನ ಚಾಪೆಲ್‌ನಲ್ಲಾದರೂ ಒಂದು ಪಿಸುಮಾತಿಗೆ ಅವಕಾಶವಿತ್ತು; ಅತ್ತೆಯ ಹುಳುಮನೆಯಲ್ಲಿ ಸೀನುವುದಕ್ಕೂ ಪರ್ಮಿಷನ್ ಬೇಕಾಗಿತ್ತು.

ನನ್ನ ಮದುವೆಯಾದ ಹೊಸದು. ನಮ್ಮ ಯಜಮಾನರು ಹೊಸ ಅಳಿಯನ ಠೀವಿಯಲ್ಲಿ ಟೆರಿಲಿನ್ ಷರಟು ತೊಟ್ಟು, ಸೆಂಟು ಹಾಕಿಕೊಂಡು ಸುಗಟೂರಿನ ಬಸ್ಸಿಳಿದರು. ಅತ್ತೆ ಬಾಗಿಲಲ್ಲೇ ತಡೆದರು.

"ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ. ನಮ್ಮ ಹುಳ ನಾಲ್ಕನೇ ಜ್ವರದಿಂದ ಎದ್ದಿವೆ. ನೀವು ಸ್ವಲ್ಪ ಹೊತ್ತು ಹಸುಗಳ ಜೊತೆ ಕೂತ್ಕೊಳಿ."

ಪಾಪ, ಅವರಿಗೆ ಏನರ್ಥವಾಗಬೇಕು! ರೇಷ್ಮೆ ಹುಳು ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ, ತಲೆಯೆತ್ತಿ, ಒಂದು ದಿನ ಅಲುಗಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಟ್ಟಿದ ಮೇಲೆ ನಾಲ್ಕು ಸಲ ಜ್ವರಕ್ಕೆ ಕೂತು ಏಳುತ್ತದೆ. ಇವರು ಕೊಟ್ಟಿಗೆಯಲ್ಲಿ ಎರಡು ಗಂಟೆ ಕೂತು, ಬಾವಿಯ ಹತ್ತಿರ ಸೀಗೆಪುಡಿಯಲ್ಲಿ ಸ್ನಾನ ಮಾಡಿ, ಊಟಕ್ಕೆ ಬಂದಾಗ ನನ್ನ ಕಿವಿಯಲ್ಲಿ ಕೇಳಿದರು: "ನಿಮ್ಮ ಮನೇಲಿ ಇಷ್ಟೊಂದು ಜನಕ್ಕೆ ಜ್ವರ ಅಂತ ಮದುವೆಗೆ ಮುಂಚೆ ಯಾಕೆ ಹೇಳಲಿಲ್ಲ?"

ಈಗ ಬಲಗೈಗೆ ಬರೋಣ. ಹುಳುವಿನ ಮೊಟ್ಟೆ ಹಾಳೆಗೆ ಅಂಟಿಕೊಂಡಿರುತ್ತವೆ. ಒಡೆದ ಬೆಳಿಗ್ಗೆ, ಕರಿ ದಾರದ ಚೂರಿನಂಥ ಮರಿಗಳನ್ನು ಕೋಳಿಪುಕ್ಕದಿಂದ ಮೆಲ್ಲಗೆ ಸವರಿ, ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿಡಬೇಕು. ಅದಕ್ಕೆ ಚಾಕಿ ಕಟ್ಟುವುದು ಎನ್ನುತ್ತಾರೆ. ಯಾರು ಚಾಕಿ ಕಟ್ಟುತ್ತಾರೋ ಅವರ ಕೈಗುಣದ ಮೇಲೆ ಇಡೀ ಬೆಳೆ ನಿಂತಿದೆ ಎಂದು ಜನರ ನಂಬಿಕೆ. ನಮ್ಮ ಅತ್ತೆಯ ಕೈಗುಣ ಎಂದರೆ ಸುಗಟೂರಿನಿಂದ ಹುತ್ತೂರಿನವರೆಗೂ ಫೇಮಸ್! ಗಾಡಿ ಕಟ್ಟಿಕೊಂಡು ಕರೆಯಲು ಬರುತ್ತಿದ್ದರು. ತುರುಬಿನಲ್ಲಿ ಹೂವಿನ ಪಕ್ಕಕ್ಕೆ ಕೋಳಿಪುಕ್ಕ ಸಿಕ್ಕಿಸಿಕೊಂಡು ಅತ್ತೆ ಗಾಡಿ ಹತ್ತುವುದನ್ನು ನೀವು ನೋಡಬೇಕಿತ್ತು. ಕ್ವೀನ್ ಎಲ್ಲೋ ಪೆರೇಡ್‌ಗೆ ಹೊರಟ ಹಾಗೆ. ಮನೆ ಮನೆಗೆ ನುಗ್ಗಿ, ಕಾಲು ತೊಳೆಸಿ, ಬೈದು, ಬೀಡಿ ಕಸಿದು ಎಸೆದು, ಕೊನೆಗೆ ಉಸಿರು ಬಿಗಿಹಿಡಿದು ಪುಕ್ಕ ಆಡಿಸಿ ಬರುತ್ತಿದ್ದರು. ಆ ಬಲಗೈಗೆ ಅವರು ಕೊಡುತ್ತಿದ್ದ ಮರ್ಯಾದೆ ಏನು! ಅದರಲ್ಲಿ ಕೊಡ ಎತ್ತುತ್ತಿರಲಿಲ್ಲ, ಖಾರ ಅರೆಯುತ್ತಿರಲಿಲ್ಲ. ಬೈಯುವಾಗ ಬೆರಳು ತೋರಿಸುವುದಕ್ಕೆ ಮಾತ್ರ ರಿಯಾಯಿತಿ ಇತ್ತು.

ಆಮೇಲೆ ಒಂದು ಬೇಸಿಗೆ ಆ ಕೈ ಬಿದ್ದುಹೋಯಿತು.

ಅತ್ತೆ ಚಾಕಿ ಕಟ್ಟಿದ ನಾಲ್ಕು ಮನೆಗಳಲ್ಲಿ, ಅವರ ಸ್ವಂತ ಮನೆಯೂ ಸೇರಿ, ಹುಳುವಿಗೆ ಹಾಲುತೊಂಡೆ ರೋಗ ಬಂತು. ಊದಿಕೊಂಡು, ಹಾಲಿನಂಥ ನೀರು ಬಿಟ್ಟುಕೊಂಡು, ಗೂಡು ಕಟ್ಟುವುದಕ್ಕೆ ಎರಡೇ ದಿನ ಇರುವಾಗ ಹುಳು ತುಂಬಿದ್ದ ಬಿದಿರಿನ ತಟ್ಟೆ ತಟ್ಟೆಯೇ ಹೋಯಿತು. ಹೆಚ್ಚು ನಷ್ಟವಾದದ್ದು ಎದುರು ಮನೆಯ ತಂಗಮ್ಮನಿಗೆ. ಅವಳು ಅತ್ತೆಯನ್ನು ಅಕ್ಕಯ್ಯ ಎಂದು ಕರೆಯುತ್ತಿದ್ದ, ಅವರ ಜೊತೆ ಎಲೆ ಅಡಿಕೆ ಹಂಚಿಕೊಳ್ಳುತ್ತಿದ್ದ ಗೆಳತಿ. ರೇಷ್ಮೆ ಇಲಾಖೆಯವರು ಬಂದು, ಬಿಸಿಲಿನ ಝಳಕ್ಕೂ ಒದ್ದೆ ಸೊಪ್ಪಿಗೂ ಹೀಗಾಗುತ್ತದೆ, ಯಾರದೂ ತಪ್ಪಲ್ಲ ಎಂದು ಹೇಳಿ ಸುಣ್ಣ ಹೊಡೆಸಿ ಹೋದರು. ಊರಿನಲ್ಲಿ ಯಾರೂ ಅತ್ತೆಯ ಮುಖಕ್ಕೆ ಒಂದು ಮಾತು ಅನ್ನಲಿಲ್ಲ. ಮುಂದಿನ ಬೆಳೆಗೆ ಕರೆಯಲು ಬರಲಿಲ್ಲ, ಅಷ್ಟೇ. ತಂಗಮ್ಮನೂ ಬರಲಿಲ್ಲ.

ಅತ್ತೆ ತುರುಬಿನ ಪುಕ್ಕ ತೆಗೆದಿಟ್ಟು, ಬಲಗೈಗೆ ಸೆರಗು ಸುತ್ತಿಕೊಂಡುಬಿಟ್ಟರು!

ತಮಾಷೆಯಲ್ಲ. ಅಂದಿನಿಂದ ಅವರ ಬಲಗೈ ಊಟ ಬಿಟ್ಟು ಇನ್ನೊಂದಕ್ಕೆ ಹೊರಗೆ ಬರಲಿಲ್ಲ. ಒಲೆ ಹಚ್ಚುವುದು ಎಡಗೈ, ರಂಗೋಲಿ ಎಡಗೈ. ಆ ರಂಗೋಲಿ ನೋಡಿದರೆ ಕೋಳಿ ಕೆದರಿದಂತಿರುತ್ತಿತ್ತು. ದೇವರ ಮುಂದೆ ಎಡಗೈಯಲ್ಲಿ ಮಂಗಳಾರತಿ ಎತ್ತಿದ್ದು ನೋಡಿ ಪೂಜಾರಯ್ಯನವರಿಗೆ ಮಂತ್ರವೇ ಮರೆತುಹೋಯಿತು. ಹೊಸದಾಗಿ ಶುರು ಮಾಡುವ ಯಾವುದನ್ನೂ ಅವರು ಮುಟ್ಟುವ ಹಾಗಿಲ್ಲ. ರೇಡಿಯೋ ಕೂಡ ಪಕ್ಕದ ಮನೆಯವರು ಬಂದು ಹಾಕಿಕೊಡಬೇಕು!

ನಮ್ಮ ಯಜಮಾನರು ಇದು ಪ್ಯಾರಲಿಸಿಸ್ ಇರಬಹುದೆಂದು ಹೆದರಿ ಕೋಲಾರದ ಡಾಕ್ಟರೊಬ್ಬರಿಗೆ ತೋರಿಸಿದರು. ಡಾಕ್ಟರು ಐದೂ ಬೆರಳು ಒತ್ತಿ ನೋಡಿದರು.

"ನೋವಿದೆಯೇನಮ್ಮ?"

"ನೋವಿಲ್ಲ ಡಾಕ್ಟ್ರೇ. ದೋಷ ಇದೆ."

ಡಾಕ್ಟರು ನನ್ನ ಮುಖ, ಇವರ ಮುಖ ನೋಡಿ, ಬಿ-ಕಾಂಪ್ಲೆಕ್ಸ್ ಬರೆದುಕೊಟ್ಟರು.

ನಕ್ಕಿದ್ದು ನಿಜ. ಆದರೆ ಹುಳುವಿಲ್ಲದ ಆ ಮನೆಗೆ ಹೋದಾಗ ನನಗೆ ಅಳು ಬರುತ್ತಿತ್ತು. ಅತ್ತೆ ಬೈಯುವುದನ್ನೇ ಬಿಟ್ಟಿದ್ದರು. ಒಂದು ಸಲ ನಾನು ಬೇಕೆಂದೇ ಮುಖದ ತುಂಬ ಪೌಡರ್ ಬಳಿದುಕೊಂಡು ಹೋಗಿ ಎದುರಿಗೆ ನಿಂತೆ. "ಚೆನ್ನಾಗಿದೆ ಕಣೇ" ಅಂದರು. ಅಷ್ಟು ಸಾಕಾಯಿತು ನನಗೆ! ಮರುವರ್ಷ ಇವರಿಗೆ ಆಫೀಸಿನಲ್ಲಿ ರಜಾಪ್ರವಾಸದ ಎಲ್‌ಟಿಸಿ ಸಿಕ್ಕಿತು. ಏಪ್ರಿಲ್ ರಜೆಗೆ ಮದರಾಸು ಎಂದು ತೀರ್ಮಾನವಾಯಿತು. ಅತ್ತೆಯನ್ನೂ ಎಳೆದುಕೊಂಡು ಹೊರಟೆ. ಎಂಬತ್ತರ ದಶಕದ ಆರಂಭ. ಮುಳಬಾಗಿಲು, ನಂಗಲಿ ದಾಟಿ ಹೋಗುವ ಆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ ಬಲಗೈಯನ್ನು ಸೆರಗಿನಲ್ಲಿಟ್ಟುಕೊಂಡು ಕೂತಿದ್ದರು, ಕದ್ದ ಮಾಲಿನ ಹಾಗೆ.

ಸಮುದ್ರವನ್ನು ಮೊದಲ ಸಲ ನೋಡಿದಾಗ ನಾವೆಲ್ಲ "ವಾಹ್!" ಎಂದೆವು. ಅತ್ತೆ ಎಡಗೈಯನ್ನು ಹಣೆಗೆ ಅಡ್ಡ ಹಿಡಿದು ದಂಡೆಯುದ್ದಕ್ಕೂ ಕಣ್ಣು ಹಾಯಿಸಿದರು.

"ಇಷ್ಟು ನೀರು ಇಟ್ಕೊಂಡು ಒಂದೆಕರೆ ಹಿಪ್ಪುನೇರಳೆ ಇಲ್ವಲ್ಲೇ!"

ಅದೇ ಸಂಜೆ ಬೀಚಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆಯನ್ನು ನಮ್ಮ ಕೈಗಿತ್ತಳು. ಕಡಲಾಮೆಗಳು ದಡಕ್ಕೆ ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ನಾಯಿ ನರಿ ತಿನ್ನದಂತೆ ವಿದ್ಯಾರ್ಥಿಗಳು ಅವನ್ನು ಬೇಲಿಯೊಳಗೆ ಹೂತಿಟ್ಟು ಕಾಯುತ್ತಾರೆ. ನಾಳೆ ಬೆಳಿಗ್ಗೆ ಮರಿಗಳನ್ನು ನೀರಿಗೆ ಬಿಡುತ್ತೇವೆ, ಬನ್ನಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಓದಿ ಕನ್ನಡದಲ್ಲಿ ಹೇಳಿದೆ. "ಆಮೆ" ಎಂದ ಕೂಡಲೇ ಇವರು ಗಾಬರಿಯಾದರು. ಆಮೆ ಮನೆಯೊಳಗೆ ಬಂದರೆ ಕೆಟ್ಟದ್ದು ಎಂದು ನಮ್ಮ ಕಡೆ ಹೇಳುತ್ತಾರಲ್ಲ. ಕೈಗೆ ದೋಷ ಬಂದಿದೆ ಎಂದು ಕೊರಗುವವರ ಮುಂದೆ ಇದೊಂದು ಬೇಕಿತ್ತೇ?

ಅತ್ತೆ ಯೋಚಿಸಿ ತೀರ್ಪು ಕೊಟ್ಟರು: "ಅದೇನು ನಮ್ಮನೆಗೆ ಬರ್ತಿಲ್ವಲ್ಲ. ನಾವೇ ಅದರ ಮನೆಗೆ ಹೋಗ್ತಿದೀವಿ. ಕೆಟ್ಟದಾದ್ರೆ ಅದಕ್ಕೇ ಆಗ್ಬೇಕು. ಮೊಟ್ಟೆ ಹೆಂಗೆ ಒಡೀತವೆ ನೋಡ್ಬೇಕು ನಾನು."

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಊರ ಹೊರಗಿನ ಮರಳಿನಲ್ಲಿ ನಾವಿದ್ದೆವು. ಬಿದಿರಿನ ಬೇಲಿ, ಒಳಗೆ ಸಾಲಾಗಿ ಮರಳಿನ ಗುಡ್ಡೆ, ಪ್ರತಿ ಗುಡ್ಡೆಯ ಮೇಲೆ ಬೋರಲು ಹಾಕಿದ ಬುಟ್ಟಿ, ಬುಟ್ಟಿಗೊಂದು ತಾರೀಖಿನ ಚೀಟಿ. ಅದನ್ನು ಕಂಡದ್ದೇ ತಡ, ಅತ್ತೆಯ ಬೆನ್ನು ನೆಟ್ಟಗಾಯಿತು.

"ಅಯ್ಯೋ, ಇದು ಹುಳುಮನೇನೇ ಕಣೇ!"

ಆ ಹುಡುಗಿ ಬುಟ್ಟಿ ಎತ್ತಿದಳು. ಒಳಗೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಕರಿ ಮರಿಗಳು, ಒಂದರ ಮೇಲೊಂದು ಹತ್ತಿಕೊಂಡು, ಈಜುವ ರೆಕ್ಕೆಗಳನ್ನು ಗಾಳಿಯಲ್ಲಿ ಬಡಿಯುತ್ತಿದ್ದವು. ನೋಡಲು ಬಂದಿದ್ದ ಮೂವತ್ತು ನಲವತ್ತು ಜನ ಒಮ್ಮೆಲೇ ನುಗ್ಗಿದರು. ಒಬ್ಬರ ಬಾಯಲ್ಲಿ ಸಿಗರೇಟು. ಹುಡುಗಿ "ಪ್ಲೀಸ್, ಪ್ಲೀಸ್" ಎನ್ನುತ್ತಲೇ ಇದ್ದಳು, ಯಾರು ಕೇಳುತ್ತಾರೆ?

ಆಗ ಎದ್ದಿತು ನೋಡಿ ಆ ಸ್ವರ! ತಿಂಗಳುಗಟ್ಟಲೆ ಮಲಗಿದ್ದ ಸ್ವರ! "ಕಾಲು ತೊಳ್ಕೊಂಡು ಬನ್ರೋ! ಏನ್ಲಾ, ಬೀಡಿ ಸೇದ್ಕೊಂಡು ಮರಿ ಮುಂದೆ ಬರ್ತೀಯಾ? ಎಸಿ ಅದನ್ನ!" ಸಿಗರೇಟಿನವರು ಕೋಟು ಹಾಕಿದ ದೊಡ್ಡ ಮನುಷ್ಯರು, ಕನ್ನಡದ ಒಂದಕ್ಷರ ಬಾರದು. ಆದರೂ ಸಿಗರೇಟು ಮರಳಿಗೆ ಬಿತ್ತು. ಮೊದಲು ನನ್ನನ್ನು ನೀರಿಗೆ ದಬ್ಬಿ ಕಾಲು ತೊಳೆಸಿ ತೋರಿಸಿದರು. ನನ್ನ ಹಿಂದೆ ನಲವತ್ತು ಜನ ಸಾಲಾಗಿ ಹೋಗಿ ಸಮುದ್ರದಲ್ಲಿ ಕಾಲು ತೊಳೆದು, ವಾಪಸು ಬರುವಾಗ ಮತ್ತೆ ಮರಳು ಮೆತ್ತಿಸಿಕೊಂಡು, ಹುಡುಗಿ ಮರಳಿನಲ್ಲಿ ಎಳೆದಿದ್ದ ಗೆರೆಯ ಹಿಂದೆ ಶಿಸ್ತಾಗಿ ನಿಂತರು. ಅಂಗಾಲಿನ ಮರಳು ಕಂಡು ಅತ್ತೆಗೆ ಸಮಾಧಾನವಿಲ್ಲ. ಅರ್ಧ ಜನರನ್ನು ಎರಡನೇ ಸಲ ಕಳಿಸಿದರು.

ಹುಡುಗಿ ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಕೇಳಿದಳು: "ಆಂಟಿ, ಇವರನ್ನ ಸೀಸನ್ ಮುಗಿಯೋವರೆಗೂ ಇಲ್ಲೇ ಬಿಟ್ಟು ಹೋಗ್ತೀರಾ?"

ಅವಳ ಮನೆಮಾತು ತೆಲುಗು ಎಂದು ಅತ್ತೆ ಅಷ್ಟರಲ್ಲಿ ಪತ್ತೆ ಹಚ್ಚಿಯಾಗಿತ್ತು. ನಮ್ಮ ಸೀಮೆಯವರಿಗೆ ತೆಲುಗು ಎಂದರೆ ಪಕ್ಕದ ಮನೆ ಇದ್ದಹಾಗೆ, ಯಾವಾಗ ಬೇಕಾದರೂ ಹೋಗಿ ಬರಬಹುದು. ನಾನು ಮಾತ್ರ ಹಾಸ್ಟೆಲಿನಲ್ಲಿ ಬೆಳೆದು, ಫ್ರೆಂಚ್ ಪದ್ಯ ಬಾಯಿಪಾಠ ಮಾಡಿ, ಮನೆಯವರೆಲ್ಲ ಆಡುವ ತೆಲುಗು ಕಲಿಯದೆ ಉಳಿದವಳು. ಅವರಿಬ್ಬರ ಮಾತು ನಡೆಯುತ್ತಲೇ ಇತ್ತು. ಅತ್ತೆ ನಡುನಡುವೆ ನನಗೆ ಕನ್ನಡದಲ್ಲಿ ವರದಿ ಒಪ್ಪಿಸುತ್ತಿದ್ದರು.

"ನೀರಿಗೆ ಸೀದಾ ಬಿಡಬಾರದಂತೆ. ಮರಳ ಮೇಲೆ ತಾವೇ ನಡೀಬೇಕಂತೆ. ಆವಾಗ ಹುಟ್ಟಿದ ಜಾಗ ನೆನಪಿರುತ್ತಂತೆ. ಹೆಣ್ಣುಗಳು ದೊಡ್ಡವಾದ ಮೇಲೆ ಮೊಟ್ಟೆ ಇಡೋಕೆ ಇಲ್ಲಿಗೇ ಬರ್ತಾವಂತೆ. ಅಂದ್ರೆ ತವರಿಗೆ ಬಾಣಂತನಕ್ಕೆ ಬರ್ತಾವೆ ಅನ್ನು!"

ವಿದ್ಯಾರ್ಥಿಗಳು ಎಲ್ಲರಿಗೂ ಒಂದೊಂದು ಮರಿ ಕೊಟ್ಟು ಗೆರೆಯ ಮೇಲೆ ಇಡಿಸಿದರು. ನಮ್ಮ ಯಜಮಾನರು ಫೈಲಿಗೆ ಸಹಿ ಮಾಡುವ ಗಾಂಭೀರ್ಯದಲ್ಲಿ ಒಂದನ್ನು ಇಟ್ಟರು. ಹುಡುಗಿ ಒಂದನ್ನು ಅತ್ತೆಯ ಮುಂದೆ ಹಿಡಿದಳು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ನನ್ನ ಕೈ ಬೇಡಮ್ಮ" ಎಂದರು. ಸ್ವರ ಮತ್ತೆ ಮಲಗಿಬಿಟ್ಟಿತು.

ಮರಿಗಳೆಲ್ಲ ತುರುತುರು ನಡೆದು, ಅಲೆ ಬಂದು ಹಿಂದಕ್ಕೆ ತಳ್ಳಿ, ಮತ್ತೆ ನಡೆದು, ಒಂದೊಂದಾಗಿ ಕಾಣದಾದವು. ಜನ ಚಪ್ಪಾಳೆ ತಟ್ಟಿ ಚದುರಿದರು. ಗೆರೆಯ ಮೇಲೆ ಒಂದು ಮರಿ ಮಾತ್ರ ಉಳಿಯಿತು. ಕಾಲಾಡಿಸುತ್ತಿಲ್ಲ. ತಲೆ ಕೊಂಚ ಎತ್ತಿ ಹಾಗೇ ಕೂತಿದೆ. ಹುಡುಗಿ ಬೆರಳಿನಿಂದ ಮುಟ್ಟಿ ನೋಡಿ ತಲೆಯಾಡಿಸಿ, ಅದನ್ನು ತೆಗೆಯಲು ಬಗ್ಗಿದಳು.

"ಮುಟ್ಟಬೇಡ!" ಅತ್ತೆ ಕೂಗಿದರು. "ಅದು ಸತ್ತಿಲ್ಲ. ಜ್ವರಕ್ಕೆ ಕೂತಿದೆ! ತಲೆ ಎತ್ತಿರೋದು ಕಾಣಲ್ವಾ? ಜ್ವರಕ್ಕೆ ಕೂತಾಗ ಮುಟ್ಟಬಾರದು!"

ಹೇಳಿ, ಕಡಲಾಮೆಗೆ ಎಲ್ಲಿಯ ಜ್ವರ, ಎಲ್ಲಿಯ ಪೊರೆ? ಅಂಥ ತಪ್ಪನ್ನು ಸುಗಟೂರಿನವರಲ್ಲದೆ ಭೂಮಿಯ ಮೇಲೆ ಇನ್ಯಾರೂ ಮಾಡಲಾರರು! ಆದರೆ ಅತ್ತೆ ಕೂತೇಬಿಟ್ಟರು, ಮರಿಗೂ ಬಿಸಿಲಿಗೂ ನಡುವೆ. ಒದ್ದೆ ಗೋಣಿಯೊಂದನ್ನು ಎಡಗೈಯಲ್ಲಿ ಎತ್ತಿ ಹಿಡಿದು ನೆರಳು ಮಾಡಿದರು. ಕಾಗೆಗಳು ಬಂದು ಸುತ್ತ ಕೂತವು. ಅತ್ತೆ ಅವುಗಳಿಗೆ ಕನ್ನಡ, ತೆಲುಗು ಎರಡರಲ್ಲೂ ಬೈದರು. ಇವರು ನನ್ನನ್ನು ದೂರಕ್ಕೆ ಕರೆದೊಯ್ದು ಗಡಿಯಾರ ತೋರಿಸಿದರು: ಲಾಡ್ಜ್ ಖಾಲಿ ಮಾಡಬೇಕು, ಬಸ್ಸಿಗೆ ಹೊತ್ತಾಗುತ್ತದೆ, ಈ ಆಮೆ ಏಳುವುದಿಲ್ಲ.

"ಇನ್ನೊಂದು ಅರ್ಧ ಗಂಟೆ" ಎಂದೆ.

"ಏಳದೇ ಹೋದ್ರೆ?"

ನನ್ನ ಹೆದರಿಕೆಯೂ ಅದೇ ಆಗಿತ್ತು. ಆ ಮರಿ ಅಲ್ಲೇ, ಅತ್ತೆಯ ಮುಂದೆ, ಸತ್ತರೆ? ಆ ಕೈ ಇನ್ನು ಈ ಜನ್ಮದಲ್ಲಿ ಸೆರಗಿನಿಂದ ಹೊರಗೆ ಬರುವುದುಂಟೇ? ಯಾಕಾದರೂ ಇಲ್ಲಿಗೆ ಕರೆದುಕೊಂಡು ಬಂದೆನೋ ದೇವರೇ! ಕಾನ್ವೆಂಟ್ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಮರಳಿನಲ್ಲಿ ನಿಂತು 'ಹೇಲ್ ಮೇರಿ' ಹೇಳಿಕೊಂಡೆ. ಜೊತೆಗೆ ಊರ ದೇವರಿಗೂ ಒಂದು ಹರಕೆ ಹೊತ್ತೆ, ಯಾವುದಕ್ಕೂ ಇರಲಿ ಎಂದು.

ವಾಪಸು ಬರುವಾಗ ಹುಡುಗಿ ಎದುರಾಗಿ, ಮೆಲ್ಲಗೆ, ಇಂಗ್ಲಿಷಿನಲ್ಲಿ ಹೇಳಿದಳು: "ಆಂಟಿ, ಅವರು ತುಂಬ ಆಸೆ ಇಟ್ಕೊಳ್ಳದ ಹಾಗೆ ನೋಡ್ಕೊಳಿ. ಚುರುಕಾಗಿ ಹೋದವೇ ದೊಡ್ಡದಾಗೋದು ಎಲ್ಲೋ ಒಂದು. ಇದು ನೀರಿಗೆ ಹೋದ್ರೂ ಉಳಿಯೋದು ಕಷ್ಟ."

ಅತ್ತೆ ತಲೆಯೆತ್ತಿ ನೋಡಿದರು. "ಏನಂದ್ಲೇ ಆ ಹುಡುಗಿ?"

ನಾನು ಒಂದು ಕ್ಷಣವೂ ತಡಮಾಡಲಿಲ್ಲ. ಹನ್ನೊಂದು ವರ್ಷ ನನ್‌ಗಳ ಕೈಯಲ್ಲಿ ಕಲಿತ ಇಂಗ್ಲಿಷನ್ನು ನಾನು ಅದಕ್ಕಿಂತ ಒಳ್ಳೆಯ ಕೆಲಸಕ್ಕೆ ಎಂದೂ ಬಳಸಿಲ್ಲ.

"ನೀವು ಕೂತಿದ್ದಕ್ಕೇ ಅದು ಬದುಕುತ್ತಂತೆ ಅತ್ತೆ. ನಿಮ್ಮಂಥ ಕೈ ತಾನು ನೋಡೇ ಇಲ್ಲ ಅಂತ ಹೇಳ್ತಿದಾಳೆ. ಒಂದ್ಸಲ ನೀವು ಮುಟ್ಟಿದ್ರೆ ನೂರು ವರ್ಷ ಬಾಳುತ್ತಂತೆ!"

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಗೋಣಿಯನ್ನು ನನ್ನ ಕೈಗೆ ಕೊಟ್ಟು, ಸೆರಗು ಬಿಚ್ಚಿದರು. ತಿಂಗಳುಗಟ್ಟಲೆ ಬಿಸಿಲು ಕಾಣದ ಬಲಗೈ ಹೊರಗೆ ಬಂತು. ಮೊದಲು ಅದನ್ನು ಸಮುದ್ರದಲ್ಲಿ ತೊಳೆದುಕೊಂಡು ಬಂದರು. ಕೈಗೂ ರೂಲ್ ರೂಲೇ! ಅಂಗೈಯಲ್ಲಿ ಕೊಂಚ ನೀರು ತಂದು ಮರಿಯ ಬೆನ್ನಿನ ಮೇಲೆ ಬಿಟ್ಟು, ತೋರುಬೆರಳಿನಿಂದ, ಪುಕ್ಕ ಆಡಿಸುವ ಹಾಗೆ, ಮುಟ್ಟಿಯೂ ಮುಟ್ಟದ ಹಾಗೆ, ಒಂದು ಸಲ ಸವರಿದರು. ಏನೂ ಆಗಲಿಲ್ಲ. ಇನ್ನೊಂದು ಸಲ ಸವರಿದರು.

ಮರಿಯ ಮುಂದಿನ ರೆಕ್ಕೆ ಒಂದು ಅಲುಗಿತು.

"ಎದ್ದಿತು!" ಎಂದು ಕೂಗಿದವರು ಯಾರು ಗೊತ್ತೇ? ನಮ್ಮ ಯಜಮಾನರು! ಬಸ್ಸು, ಲಾಡ್ಜ್ ಎಲ್ಲ ಮರೆತು, ಗೆಜೆಟೆಡ್ ಆಫೀಸರು ಮಂಡಿಯೂರಿ ಮರಳಿನಲ್ಲಿ ಕೂತಿದ್ದರು. ಮರಿ ನಾಲ್ಕು ಹೆಜ್ಜೆ ನಡೆದು ನಿಂತಿತು, ಮತ್ತೆ ನಾಲ್ಕು ನಡೆಯಿತು. ಇವರು ಎರಡೂ ಕೈ ಬೀಸುತ್ತ ಕಾಗೆಗಳ ಹಿಂದೆ ಓಡಿದರು. ಅತ್ತೆ ಪಕ್ಕದಲ್ಲೇ ಬಗ್ಗಿಕೊಂಡು, "ಹೋಗು, ಹೋಗು, ಹಿಂದೆ ನೋಡಬೇಡ" ಎನ್ನುತ್ತ ನಡೆದರು. ಒಂದು ಅಲೆ ಬಂತು. ಅತ್ತೆಯ ಸೀರೆ ಮಂಡಿಯವರೆಗೆ ನೆನೆಯಿತು. ಅಲೆ ಹಿಂದೆ ಸರಿದಾಗ ಮರಳು ಖಾಲಿ.

ನಾನು ಒದ್ದೆ ಮರಳೆಂದೂ ನೋಡದೆ ಅಲ್ಲೇ ಕೂತುಬಿಟ್ಟೆ. ಅಬ್ಬಾ! ಪಬ್ಲಿಕ್ ಪರೀಕ್ಷೆಯ ರಿಸಲ್ಟ್ ಬಂದ ದಿನವೂ ನನಗೆ ಅಷ್ಟು ಹಗುರ ಅನ್ನಿಸಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಬಲಗೈಯನ್ನು ಕಿಟಕಿಯ ಹೊರಗೆ ಚಾಚಿ ಗಾಳಿಗೆ ಒಡ್ಡಿದ್ದರು. ಕಂಡಕ್ಟರು ಕೈ ಒಳಗಿಡಿ ಎಂದು ಮೂರು ಸಲ ಹೇಳಿದ. ಕೇಳಿದರೆ ತಾನೇ! ನಂಗಲಿಯಲ್ಲಿ ಲಾರಿಗಳ ಸಾಲಿನ ಮುಂದೆ ಬಸ್ಸು ಚಹಕ್ಕೆ ನಿಂತಾಗ, ಅದೇ ಬಲಗೈ ಬೆರಳು ತೋರಿಸಿ, ಲೋಟ ಸರಿಯಾಗಿ ತೊಳೆದಿಲ್ಲವೆಂದು ಅಂಗಡಿಯವನಿಗೆ ಬೈದರು. ಆ ಬೈಗುಳ ನನ್ನ ಕಿವಿಗೆ ಸಂಗೀತದಂತಿತ್ತು.

ಊರಿನಲ್ಲಿ ಸುದ್ದಿ ಹೇಗೆ ಹರಡಿತೋ ಕಾಣೆ. ಅತ್ತೆ ಹೇಳಿದ್ದು ಒಂದು ಮರಿ. ಸುಗಟೂರಿನ ಬಸ್‌ಸ್ಟ್ಯಾಂಡ್ ತಲುಪುವ ಹೊತ್ತಿಗೆ ಅದು ಸಾವಿರವಾಗಿ, ಹುತ್ತೂರಿನಲ್ಲಿ ಮದರಾಸಿನ ಸರ್ಕಾರವೇ ಸಮುದ್ರಕ್ಕೆ ಚಾಕಿ ಕಟ್ಟಿಸಲು ಅವರನ್ನು ಕರೆಸಿಕೊಂಡಿತ್ತು ಎಂದಾಗಿತ್ತು! ಆದರೂ ಹದಿನೈದು ದಿನ ಯಾರೂ ಬಾಗಿಲಿಗೆ ಬರಲಿಲ್ಲ. ನಾನು ಶನಿವಾರ ಶನಿವಾರ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದೆ. ಅತ್ತೆ ಪುಕ್ಕ ತೊಳೆದು ಒಣಗಿಸಿ, ಗೋಡೆಯ ಗೂಡಿನಲ್ಲಿಟ್ಟು, ಬೀದಿಯ ಕಡೆ ನೋಡದ ಹಾಗೆ ನೋಡುತ್ತ ಕೂತಿರುತ್ತಿದ್ದರು.

ಒಂದು ಶನಿವಾರ ಸಂಜೆ ತಂಗಮ್ಮ ಬಂದಳು. ಒಳಗೆ ಬರಲಿಲ್ಲ. ಕಂಬ ಹಿಡಿದುಕೊಂಡು ನಿಂತಳು.

"ಅಕ್ಕಯ್ಯಾ, ನಾಳೆ ಬೆಳಿಗ್ಗೆ ಮೊಟ್ಟೆ ಒಡೀತವೆ."

ಅತ್ತೆ ಗೋಡೆಯ ಗೂಡಿನ ಕಡೆ ನೋಡಿದರು.

"ಈ ಸಲ ನೀನೇ ಬರ್ಬೇಕು. ಆಮೆ ಗೀಮೆ ಅಂತ ನಾನು ಕರೀತಿಲ್ಲ. ಆಮೇಲೆ ಎರಡು ಬೆಳೆ ಬೇರೆಯೋರ ಕೈಲಿ ಕಟ್ಟಿಸ್ದೆ. ಬೆಳೆ ಬಂತು. ಆದ್ರೆ ಬೈಯೋರಿಲ್ದೆ ಹುಳುಮನೆ ಭಣ ಭಣ ಅಂತಿತ್ತು ಕಣಕ್ಕಯ್ಯಾ."

ಅತ್ತೆ ಎದ್ದು ಪುಕ್ಕವನ್ನು ಕೈಗೆತ್ತಿಕೊಂಡರು. "ಸೊಪ್ಪು ಒದ್ದೆ ಇಲ್ಲ ತಾನೇ? ನಿನ್ನ ಗಂಡ ಬೀಡಿ ಬಿಟ್ಟಿದಾನೋ ಇಲ್ವೋ? ಇಲ್ದಿದ್ರೆ ನಾಳೆ ಅವನ್ನ ಬೆಳಕು ಹರಿಯೋದ್ರೊಳಗೆ ತೋಟಕ್ಕೆ ಓಡಿಸು."

ತಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಆ ಬೆಳೆ ಚೆನ್ನಾಗಿಯೇ ಬಂತು ಎಂದು ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಯಾಕೆ ಕಾಯಿಸಲಿ.

ಮಾರನೆಯ ಬೆಳಿಗ್ಗೆ ತಂಗಮ್ಮನ ಹುಳುಮನೆಯ ಹೊಸಲಿನ ಹೊರಗೆ, ನನ್ನ ಮಾಮೂಲಿ ಜಾಗದಲ್ಲಿ, ನಾನು ನಿಂತಿದ್ದೆ. ಒಳಗಿನ ಅರೆಗತ್ತಲಲ್ಲಿ ಅತ್ತೆ ಒಬ್ಬರೇ, ಹಾಳೆಯ ಮೇಲೆ ಬಗ್ಗಿ, ಬಲಗೈಯಲ್ಲಿ ಪುಕ್ಕ ಹಿಡಿದು ಸವರುತ್ತಿದ್ದರು. ತಲೆ ಎತ್ತದೆಯೇ ಕೇಳಿದರು:

"ಆ ಹುಡುಗಿ ಇಂಗ್ಲಿಷಲ್ಲಿ ಏನಂದ್ಲು ಅಂದೆ?"

"ಹೇಳಿದ್ನಲ್ಲ ಅತ್ತೆ. ನಿಮ್ಮ ಕೈ ಮುಟ್ಟಿದ್ರೆ ನೂರು ವರ್ಷ..."

"ನೀನು ಆ ಕಡೆ ಗಡಿಯಾರ ನೋಡ್ತಾ ನಿಂತಿದ್ದಾಗ ನನಗೂ ತೆಲುಗಲ್ಲಿ ಅದನ್ನೇ ಹೇಳಿದ್ಲು ಕಣೇ. ಉಳಿಯೋದು ಕಷ್ಟ ಅಂತ, ಆಸೆ ಇಟ್ಕೋಬೇಡ ಅಮ್ಮಮ್ಮ ಅಂತ."

"ಮತ್ತೆ... ಗೊತ್ತಿದ್ದೂ ಯಾಕೆ ಮುಟ್ಟಿದ್ರಿ?"

ಪುಕ್ಕ ಒಂದು ಗಳಿಗೆ ನಿಂತಿತು.

"ಸುಳ್ಳು ಹೇಳಿದ್ರೆ ಪಾಪ ಅಂತ ಆ ನನ್‌ಗಳು ನಿನಗೆ ಕಲಿಸಿದ್ರಲ್ಲೇ. ಚಿಕ್ಕೋಳಿದ್ದಾಗ ಬೆಲ್ಲ ಕದ್ದು ತಿಂದ್ರೂ ಬಂದು ಒಪ್ಕೊಳ್ತಿದ್ದೆ. ಅಂಥವಳು ನನಗೋಸ್ಕರ, ಸಮುದ್ರದ ಮುಂದೆ ನಿಂತ್ಕೊಂಡು, ಅಷ್ಟು ದೊಡ್ಡ ಸುಳ್ಳು ಹೇಳ್ತಿದೀಯ. ಮುಖ ಕೆಂಪಗಾಗಿತ್ತು ನಿನ್ನದು. ಈ ಮಗೂನೂ ನಾನೇ ಅಲ್ವಾ ಸಾಕಿದ್ದು, ಇದೇ ಕೈಯಲ್ಲೇ ಅಲ್ವಾ, ಅಂತ ಅನ್ನಿಸ್ತು ನೋಡು."

ಹೊರಗೆ ಕೋಳಿಯೊಂದು ಕೂಗಿತು. ನಾನು ಕಂಬದ ಕಡೆ ಮುಖ ಮಾಡಿ ನಿಂತೆ. ಆ ಬೆಳಿಗ್ಗೆ ನಾನು ಮುಖಕ್ಕೆ ಪೌಡರ್ ಹಾಕಿಕೊಂಡಿದ್ದೆ. ಅದರಲ್ಲಿ ಎರಡು ಗೆರೆ ಮೂಡಿರಬೇಕು. ಒಳಗಿನಿಂದ ಮತ್ತೆ ಸ್ವರ ಬಂತು. ಇಷ್ಟು ವರ್ಷಗಳಲ್ಲಿ ಊರಿನವರಿಗೆಲ್ಲ ಹೇಳಿ, ನನಗೆ ಮಾತ್ರ ಹುಳುಮನೆಯ ಬಾಗಿಲಲ್ಲಿ ಒಮ್ಮೆಯೂ ಹೇಳದೇ ಉಳಿದ ಮಾತು:

"ಅಲ್ಲೇನು ಅಳ್ತಾ ನಿಂತಿದೀಯ? ಮುಖ ಒರೆಸ್ಕೋ. ಕಾಲು ತೊಳ್ಕೊಂಡು ಒಳಗೆ ಬಾ."